ಹಳೆಯ ಥ್ರಿಲ್ಲರ್‌ಗಳಲ್ಲಿ ಸಸ್ಪೆನ್ಸ್, ಶಾಕ್ ಹೇಗೆ ಹುಟ್ಟಿಸುತ್ತಿದ್ದರು? ಕಿರುಚಿತ್ರಕ್ಕೆ ಅದನ್ನು ಬಳಸಬಹುದೇ?

ಖಂಡಿತ ಬಳಸಬಹುದು, ದುಡ್ಡೂ ಹೆಚ್ಚು ಬೇಡ. ಆದರೆ ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ಅಪಾಯ ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದರೆ ಸಸ್ಪೆನ್ಸ್, ಗೊತ್ತಿಲ್ಲದೆ ಎರಗಿದರೆ ಶಾಕ್. ಥ್ರಿಲ್ಲರ್ ನಿರ್ದೇಶಕ ಹಿಚ್‌ಕಾಕ್ ಕೊಡುತ್ತಿದ್ದ ಲೆಕ್ಕ ಹೀಗಿದೆ: ಮೇಜಿನಡಿಯ ಬಾಂಬ್ ದಿಢೀರನೆ ಸಿಡಿದರೆ 15 ಸೆಕೆಂಡು ಬೆಚ್ಚುತ್ತೇವೆ, ಬಾಂಬನ್ನೂ ಗಡಿಯಾರವನ್ನೂ ಮೊದಲೇ ತೋರಿಸಿದರೆ 15 ನಿಮಿಷ ಒದ್ದಾಡುತ್ತೇವೆ.

ಗಡಿಯಾರವೇ ಬೇಕೆಂದಿಲ್ಲ. 'ನಟೋರಿಯಸ್' (1946) ಚಿತ್ರದ ಪಾರ್ಟಿ ನೋಡಿ. ಕ್ಯಾಮೆರಾ ಹಜಾರದ ಮೇಲಿನಿಂದ ಇಳಿದಿಳಿದು ಬಂದು ನಾಯಕಿಯ ಮುಷ್ಟಿಯಲ್ಲಿರುವ ಕೀಲಿಯ ಮೇಲೆ ನಿಲ್ಲುತ್ತದೆ. ಅದು ಗಂಡನಿಂದ ಕದ್ದ, ಮದ್ಯದ ಬಾಟಲಿ ಇಡುವ ನೆಲಮಾಳಿಗೆಯ ಕೀಲಿ. ಷಾಂಪೇನ್ ಮುಗಿದರೆ ಅವನು ನೆಲಮಾಳಿಗೆಗೆ ಇಳಿಯಲೇಬೇಕು. ಅಲ್ಲಿಂದಾಚೆ ಕಡಿಮೆಯಾಗುವ ಒಂದೊಂದು ಬಾಟಲಿಯೂ ಎದೆಬಡಿತ ಏರಿಸುತ್ತದೆ. ನಿಮ್ಮ ಕಥೆಯಲ್ಲೂ ಹೀಗೆ ಕರಗುತ್ತಾ ಹೋಗುವ ವಸ್ತು ಒಂದಿರಲಿ: ಮೇಣದಬತ್ತಿ, ಫೋನಿನ ಚಾರ್ಜು, ಏನಾದರೂ ಸರಿ. ಮೂರು ನಾಲ್ಕು ಸಲ ತೋರಿಸಿ. ಒಂದೇ ಸಲ ತೋರಿಸಿದರೆ ಜನ ಮರೆಯುತ್ತಾರೆ, ಪದೇ ಪದೇ ತೋರಿಸಿದರೆ ಆಕಳಿಸುತ್ತಾರೆ. ನಡುವೆ ಪಾತ್ರಗಳು ತೀರಾ ಮಾಮೂಲಿ ಮಾತಾಡುತ್ತಿರಬೇಕು.

ಶಾಕ್‌ಗೆ 'ಕ್ಯಾಟ್ ಪೀಪಲ್' (1942) ಸಾಕು, ಹೆಣ್ಣೊಬ್ಬಳು ಚಿರತೆಯಾಗುವ ಭಯದ ಕಥೆ. ರಾತ್ರಿ, ನಿರ್ಜನ ರಸ್ತೆ, ಇಬ್ಬರು ಹೆಂಗಸರ ಹೈಹೀಲ್ಸ್ ಟಕಟಕ. ಹಿಂದಿನವಳ ಹೆಜ್ಜೆ ಸದ್ದು ಥಟ್ಟನೆ ನಿಲ್ಲುತ್ತದೆ. ಮುಂದಿನವಳು ಗಾಬರಿಯಿಂದ ಓಡುತ್ತಾಳೆ. ಕತ್ತಲಲ್ಲಿ ಏನಿದೆಯೋ ಎಂದು ನಾವು ಕಿವಿ ನಿಮಿರಿಸಿದಾಗಲೇ ಫ್ರೇಮಿನ ಅಂಚಿನಿಂದ ಬಸ್ಸೊಂದು ಬುಸ್ಸೆಂದು ನುಗ್ಗುತ್ತದೆ. ಮೃಗವಲ್ಲ, ಬರೀ ಬ್ರೇಕಿನ ಸದ್ದು! ಈ ಉಪಾಯಕ್ಕೆ ಆಮೇಲೆ 'ಬಸ್' ಎಂದೇ ಹೆಸರಾಯಿತು. ಇಲ್ಲಿ ಕೆಲಸ ಮಾಡಿದ್ದು ಅದಕ್ಕೂ ಮುಂಚಿನ ಮೌನ. ಈಗಿನವರು ಎಡವುವುದೂ ಇಲ್ಲೇ: ಹಿನ್ನೆಲೆ ಸಂಗೀತ ಏರಿಸುತ್ತಾ ಹೋಗುತ್ತಾರೆ, ಅದು ಮೊದಲೇ ಚಾಡಿ ಹೇಳಿಬಿಡುತ್ತದೆ. ಎಡಿಟಿಂಗ್‌ನಲ್ಲಿ ಸದ್ದು ಚಿತ್ರಕ್ಕಿಂತ ನಾಲ್ಕೈದು ಫ್ರೇಮ್ ತಡವಾದರೂ ಏಟು ಸಪ್ಪೆಯಾಗುತ್ತದೆ.

'ಸೈಕೋ' (1960) ಚಿತ್ರದಲ್ಲಿ ಸ್ನಾನ ಮಾಡುತ್ತಿದ್ದವಳನ್ನು ಇರಿದು ಕೊಲ್ಲುವ ದೃಶ್ಯದ ಬಗ್ಗೆ ಎಲ್ಲರೂ ಬರೆದಿದ್ದಾರೆ: ಒಂದು ವಾರದ ಶೂಟಿಂಗ್, ರಕ್ತದ ಬದಲು ಚಾಕೊಲೇಟ್ ಸಿರಪ್, ಇರಿತದ ಸದ್ದಿಗೆ ಕರಬೂಜದಂಥ ಹಣ್ಣು. ಅಲ್ಲಿ ಸಂಗೀತವೇ ಬೇಡ ಎಂದಿದ್ದ ಹಿಚ್‌ಕಾಕ್, ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಬರೆದ ತಂತಿವಾದ್ಯಗಳ ಕಿರುಚಾಟ ಕೇಳಿ ಮನಸ್ಸು ಬದಲಿಸಿದರು.

ನನಗೆ ಅದಕ್ಕಿಂತ ಮುಖ್ಯವೆನಿಸುವುದು ನಂತರದ ಜೌಗಿನ ದೃಶ್ಯ. ಹೆಣವಿರುವ ಕಾರನ್ನು ಮೋಟೆಲ್ ನಡೆಸುವ ನಾರ್ಮನ್ ಕೆಸರಿಗೆ ತಳ್ಳುತ್ತಾನೆ. ಅರ್ಧ ಮುಳುಗಿ ಕಾರು ನಿಂತುಬಿಡುತ್ತದೆ. ಏನೋ ಮೆಲ್ಲುತ್ತಿದ್ದ ಅವನ ಬಾಯಿಯೂ ನಿಲ್ಲುತ್ತದೆ, ಅತ್ತಿತ್ತ ನೋಡುತ್ತಾನೆ. ಕೊಲೆಯಾದವಳಿಗಾಗಿ ಇಷ್ಟು ಹೊತ್ತು ಮರುಗಿದ ನಾವೇ ಆ ಕ್ಷಣ 'ಮುಳುಗು, ಮುಳುಗು' ಅನ್ನುತ್ತಿರುತ್ತೇವೆ.