ಅಮ್ಮನ ಪಾಲು, ಅಜ್ಜಿಯ ಪಾಲು

ಓದುಗರ ಪತ್ರ: ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ವಿಲ್ ಬರೆದಿಲ್ಲ. ಅವರು ದುಡಿದು ಕೊಂಡ ಮುಂಬಯಿಯ ಮುಲುಂಡ್‌ನ ಫ್ಲ್ಯಾಟ್‌ಗೆ ನನ್ನ ತಮ್ಮ ನಾಮಿನಿ. "ನಾಮಿನಿ ನಾನು, ಮನೆ ನನ್ನದೇ. ಮದುವೆಗೆ ನಿನಗೆ ಚಿನ್ನ ಹಾಕಿದ್ದಾರಲ್ಲ, ಸೈನ್ ಮಾಡು" ಎಂದು ಹಕ್ಕು ಬಿಡುಗಡೆ ಪತ್ರ ತಂದಿದ್ದಾನೆ. ಅಮ್ಮ ಅದೇ ಮನೆಯಲ್ಲಿದ್ದಾರೆ. ಬ್ಯಾಂಕಿನ ಎಫ್‌ಡಿಗೆ ಅವರೇ ನಾಮಿನಿ. ಕುಂದಾಪುರದ ಹತ್ತಿರ ಅಪ್ಪನ ಹೆಸರಲ್ಲಿ ಸ್ವಲ್ಪ ಜಾಗವಿದೆ. ಅಪ್ಪನ ಅಮ್ಮ ಅಲ್ಲೇ ಇದ್ದಾರೆ. ನನಗೆ ಜಗಳ ಬೇಡ. ಸೈನ್ ಮಾಡಲೇ?
— ಒಬ್ಬ ಓದುಗರು, ಠಾಣೆ

ಸಂಪಾದಕರ ಉತ್ತರ:

ಸದ್ಯಕ್ಕೆ ಸೈನ್ ಮಾಡಬೇಡಿ, ತಂಗಿ. ಜಗಳ ಬೇಡ ಅನ್ನುವ ನಿಮ್ಮ ಮನಸ್ಸು ದೊಡ್ಡದು. ಆದರೆ ನಿಮ್ಮ ಪತ್ರ ಓದುವಾಗ ನನಗೆ ಚಿಂತೆ ಹತ್ತಿದ್ದು ನಿಮ್ಮ ಪಾಲಿನ ಬಗ್ಗೆ ಅಲ್ಲ, ಅಮ್ಮನ ಬಗ್ಗೆ.

ಮೊದಲು ನಾಮಿನಿಯ ವಿಚಾರ. ಮುಂಬಯಿಯಲ್ಲಿ ನಾಮಿನಿ ಅಂದರೆ ವಾರಸುದಾರ ಅಂತಲೇ ಅನೇಕರು ತಿಳಿದಿದ್ದಾರೆ. ಅದು ತಪ್ಪು. ವಿಮೆಯ ಹಣ ನಾಮಿನಿಯ ಕೈಗೆ ಬಂದರೂ ಅದು ವಾರಸುದಾರರಿಗೇ ಸೇರಿದ್ದು ಎಂದು ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿತ್ತು. ವಿಮೆಯ ಮಟ್ಟಿಗೆ 2015ರಲ್ಲಿ ಕಾಯಿದೆ ಬದಲಾಗಿ, ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ ಹಣ ಅವರದೇ ಎಂದಾಯಿತು. ಫ್ಲ್ಯಾಟ್‌ಗೆ ಅದು ಅನ್ವಯಿಸುವುದಿಲ್ಲ. ಫ್ಲ್ಯಾಟ್‌ಗಳ ಹೌಸಿಂಗ್ ಸೊಸೈಟಿಗಳಿಗೆ ಮಹಾರಾಷ್ಟ್ರದ ಸಹಕಾರಿ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿ ಇದೆ. ಅದರಂತೆ ವಾರಸುದಾರರು ಯಾರೆಂದು ತೀರ್ಮಾನವಾಗುವವರೆಗೆ ನಾಮಿನಿ ಬರೀ ತಾತ್ಕಾಲಿಕ ಸದಸ್ಯ. ಸೊಸೈಟಿಯ ಪತ್ರಗಳು ನಿಮ್ಮ ತಮ್ಮನ ಹೆಸರಿಗೆ ಬರಬಹುದು. ಅಷ್ಟಕ್ಕೇ ಮನೆ ಅವನದಾಗುವುದಿಲ್ಲ.

ಹಾಗಾದರೆ ಮನೆ ಯಾರದು? ವಿಲ್ ಇಲ್ಲದೆ ತೀರಿಕೊಂಡ ಗಂಡಸಿನ ಸ್ವಂತ ದುಡಿಮೆಯ ಆಸ್ತಿ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮಪಾಲು. ಮದುವೆಯ ಚಿನ್ನ ಕೊಟ್ಟರೆ ಪಾಲು ಹೋಯಿತು ಎಂದು ಆ ಕಾಯಿದೆಯಲ್ಲಿ ಎಲ್ಲೂ ಇಲ್ಲ. ನಿಮ್ಮದು ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆತನವಾದರೂ ಈ ಫ್ಲ್ಯಾಟ್‌ಗೆ ಇದೇ ಲೆಕ್ಕ. ಕ್ರೈಸ್ತ, ಮುಸ್ಲಿಂ ಓದುಗರಿಗೆ ಮಾತ್ರ ಕಾನೂನು ಬೇರೆ.

ತಾಯಿ ಎಂದೆನಲ್ಲ, ಅದು ತೀರಿಕೊಂಡವರ ತಾಯಿ. ಅಂದರೆ ನಿಮ್ಮ ಅಜ್ಜಿ. ಊರಲ್ಲಿ ಕೂತಿರುವ ಆ ಅಜ್ಜಿಗೆ ಮುಲುಂಡ್‌ನ ಫ್ಲ್ಯಾಟ್‌ನಲ್ಲಿ ಕಾಲು ಪಾಲಿದೆ! ಅಮ್ಮನಿಗೆ ಕಾಲು, ತಮ್ಮನಿಗೆ ಕಾಲು, ನಿಮಗೆ ಕಾಲು. ಇದನ್ನು ಈಗಲೇ ಸರಿಮಾಡಿಕೊಳ್ಳಿ. ಅಜ್ಜಿ ಏನೂ ಬರೆಯದೆ ಹೋದರೆ ಅವರ ಕಾಲು ಪಾಲು ನಿಮ್ಮಿಬ್ಬರ ಜೊತೆಗೆ ನಿಮ್ಮ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯಂದಿರಿಗೂ ಹಂಚಿಹೋಗುತ್ತದೆ. ಆಮೇಲೆ ಮನೆ ಮಾರಲಿ, ರಿಪೇರಿಗೆ ಸಾಲ ಎತ್ತಲಿ, ಅಷ್ಟೂ ಜನರ ಸೈನ್ ಬೇಕಾಗುತ್ತದೆ. ಅಜ್ಜಿ ಪಾಲು ಬಿಟ್ಟುಕೊಡಲು ಒಪ್ಪಿದರೆ ಅವರನ್ನು ಮುಂಬಯಿಗೆ ಕರೆತಂದು ದಣಿಸಬೇಕಾಗಿಲ್ಲ. ಅವರ ಪರವಾಗಿ ಇಲ್ಲಿ ಸೈನ್ ಮಾಡಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪವರ್ ಆಫ್ ಅಟಾರ್ನಿಯನ್ನು ಕುಂದಾಪುರದ ಸಬ್ ರಿಜಿಸ್ಟ್ರಾರ್ ಮುಂದೆ ಮಾಡಿಸಬಹುದು. ಅವರು ಒಪ್ಪದಿದ್ದರೆ ಒತ್ತಾಯ ಬೇಡ. ಅದು ಅವರ ಮಗನ ಆಸ್ತಿ.

ಈಗ ಆ ಬಿಡುಗಡೆ ಪತ್ರ. ಇಲ್ಲಿಯವರು ಹಕ್ಕಸೋಡ್ ಪತ್ರ ಅನ್ನುತ್ತಾರಲ್ಲ, ಅದೇ. ರಿಜಿಸ್ಟರ್ ಆದ ಮೇಲೆ ವಾಪಸ್ ಪಡೆಯುವುದು ಬಹಳ ಕಷ್ಟ. ಪಾಲು ಯಾರಿಗೆ ಬಿಡುತ್ತಿದ್ದೀರಿ ಎಂಬುದು ಅದರಲ್ಲಿ ಬರೆದಿರುತ್ತದೆ. ಆ ಹೆಸರು ನೋಡಿ. ಬಿಡಲೇಬೇಕು ಅನಿಸಿದರೆ ಅಮ್ಮನ ಹೆಸರಿಗೆ ಬಿಡಿ. ತಮ್ಮನ ಮೇಲೆ ಅನುಮಾನ ಪಟ್ಟು ಈ ಮಾತು ಹೇಳುತ್ತಿಲ್ಲ. ನಮ್ಮ ಚಿಕ್ಕಪ್ಪ ಹೋದಾಗ ಚಿಕ್ಕಮ್ಮ ಉತ್ತರಕ್ರಿಯೆ ಮುಗಿದ ವಾರದಲ್ಲೇ ಎಲ್ಲವನ್ನೂ ಮಗನಿಗೆ ಬಿಟ್ಟುಕೊಟ್ಟರು. ಸಾಕ್ಷಿಗೆ ನಾನೇ ಸೈನ್ ಹಾಕಿದೆ. ಮೂರು ವರ್ಷದಲ್ಲಿ ಸಾಲಕ್ಕೆ ಸಿಕ್ಕಿ ಮನೆ ಮಾರಾಟವಾಯಿತು. ಚಿಕ್ಕಮ್ಮ ಒಂದು ಸ್ಟೀಲ್ ಟ್ರಂಕು, ಗಂಡನ ಫೋಟೋ ಹಿಡಿದುಕೊಂಡು ಮಗಳ ಮನೆಯ ಹಾಲ್‌ಗೆ ಬಂದರು. ಅಳಿಯ ಮಲಗುವವರೆಗೂ ಅವರು ಹಾಸಿಗೆ ಬಿಚ್ಚುತ್ತಿರಲಿಲ್ಲ. ಆ ಸೈನ್ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಎಫ್‌ಡಿಯದು ಸುಲಭ. ಅಮ್ಮನೇ ನಾಮಿನಿ ಆಗಿರುವುದರಿಂದ ಮರಣ ಪ್ರಮಾಣಪತ್ರ, ಗುರುತಿನ ಚೀಟಿ ಮತ್ತು ಬ್ಯಾಂಕಿನ ಫಾರ್ಮ್ ಕೊಟ್ಟರೆ ಹಣ ಸಿಗುತ್ತದೆ. ಅಲ್ಲೂ ವಾರಸುದಾರರಿಗೆಲ್ಲ ಪಾಲಿದೆ, ನಿಜ. ಆದರೆ ಅದನ್ನು ಯಾರೂ ಕೇಳದೆ ಅಮ್ಮನಿಗೇ ಬಿಡಿ.

ಊರಿನ ಜಾಗಕ್ಕೆ ಪೌತಿ ಖಾತೆ ಆಗಬೇಕು, ಅಂದರೆ ಅಪ್ಪನ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಗಬೇಕು. ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿ. ಮದುವೆಯಾದ ಹೆಣ್ಣುಮಕ್ಕಳ ಹೆಸರನ್ನು ಅದರಲ್ಲಿ ಬಿಟ್ಟುಬಿಡುವುದುಂಟು, ಕಣ್ಣಾರೆ ನೋಡಿ. ಮುಂಬಯಿಯವರಿಗೆ ಇನ್ನೊಂದು ತೊಡಕು ಹೆಸರಿನದು. ಊರಿನ ಜಮೀನಿನ ದಾಖಲೆಯಾದ ಪಹಣಿಯಲ್ಲಿ ಅಪ್ಪ ಇಂಥವರು ಬಿನ್ (ಅಂದರೆ ಮಗ) ಇಂಥವರು. ಇಲ್ಲಿನ ಮರಣ ಪ್ರಮಾಣಪತ್ರದಲ್ಲಿ ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಎರಡೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿಕೊಂಡೇ ಬಸ್ಸು ಹತ್ತಿ, ಇಲ್ಲವಾದರೆ ಸುಮ್ನೆ ಎರಡು ಸಲ ಓಡಾಟ. ಜಾಗ ಪಿತ್ರಾರ್ಜಿತವಾಗಿದ್ದರೆ ಲೆಕ್ಕ ಬೇರೆ ಆಗುತ್ತದೆ. ಕುಂದಾಪುರದಲ್ಲೇ ಒಬ್ಬ ವಕೀಲರಿಗೆ ಹಳೆಯ ಪತ್ರಗಳನ್ನು ತೋರಿಸಿ.

ಈ ಭಾನುವಾರ ನಿಮ್ಮ ತಮ್ಮ ಮನೆಯಲ್ಲಿರುವಾಗ ಅಲ್ಲಿಗೆ ಹೋಗಿ. ಅವನು ತಂದ ಪತ್ರ ಮರಾಠಿಯಲ್ಲೋ ಇಂಗ್ಲಿಷ್‌ನಲ್ಲೋ ಇರುತ್ತದೆ, ಅಲ್ವಾ? ಅದನ್ನು ಅವನ ಎದುರಿಗೇ ಅಮ್ಮನಿಗೆ ಕನ್ನಡದಲ್ಲಿ ಸಾಲು ಸಾಲಾಗಿ ಓದಿ ಹೇಳಿ. ಅವರಿಗೆ ಏನು ಬೇಕು ಎಂದು ಕೇಳಿ. ಇಷ್ಟು ದಿನ ಅವರನ್ನು ಯಾರೂ ಕೇಳಿದಂತೆ ನಿಮ್ಮ ಪತ್ರದಲ್ಲಿ ಕಾಣಲಿಲ್ಲ.