ಅಲುಗಾಡದ ವೋಲ್ಟೇಜ್ ಎಲ್ಲಿ ಸಿಗುತ್ತದೆ?

ಪ್ರಶ್ನೆ: ಅರೆವಾಹಕದ ಒಂದು ಮಾದರಿಗೆ 5 ವೋಲ್ಟ್ ಕೊಟ್ಟು, ಅದರಲ್ಲಿ ಹರಿಯುವ ಕರೆಂಟಿನ ಅತಿ ಸಣ್ಣ, ನಿಧಾನವಾದ ಏರಿಳಿತಗಳನ್ನು ಅಳೆಯುತ್ತಿದ್ದೇನೆ. ಮಾದರಿಯನ್ನು ತೆಗೆದು ರೆಸಿಸ್ಟರ್ ಹಾಕಿದರೂ ಏರಿಳಿತ ಹಾಗೆಯೇ ಇದೆ. ಪವರ್ ಸಪ್ಲೈ ಬದಲಿಸಬೇಕೇ? ನಾಯ್ಸ್ (ಬೇಡದ ಏರಿಳಿತ) ತೀರಾ ಕಡಿಮೆ ಇರುವ ವೋಲ್ಟೇಜ್ ಮೂಲ ಯಾವುದು?

ಉತ್ತರ: ರೆಸಿಸ್ಟರ್ ಹಾಕಿ ನೋಡಿದ್ದು ಸರಿಯಾದ ಹೆಜ್ಜೆ. ಆದರೆ ಅದು ಕಾರ್ಬನ್ ರೆಸಿಸ್ಟರ್ ಆಗಿದ್ದರೆ ಕರೆಂಟ್ ಹರಿದಾಗ ತಾನೇ ನಾಯ್ಸ್ ಹುಟ್ಟಿಸುತ್ತದೆ. ಆದ್ದರಿಂದ ತಂತಿ ಸುತ್ತಿದ ರೆಸಿಸ್ಟರ್ ಅಥವಾ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿ ಇನ್ನೊಮ್ಮೆ ನೋಡಿ.

ನನ್ನ ಮೊದಲ ಆಯ್ಕೆ ಬ್ಯಾಟರಿಯೇ. ಕಡಿಮೆ ಕರೆಂಟ್ ಎಳೆಯುವಾಗ ಒಳ್ಳೆಯ ಬ್ಯಾಟರಿಯಷ್ಟು ಶಾಂತವಾದ ಮೂಲ ಸುಲಭವಾಗಿ ಸಿಗುವುದಿಲ್ಲ, ಮೇಲಾಗಿ ಮೇನ್ಸ್‌ನ ಗುಂಯ್‌ಗುಡುವಿಕೆ ಅದರ ಮೂಲಕ ಒಳಗೆ ಬರುವುದಿಲ್ಲ. ಲೋಡ್ ಜೋಡಿಸಿದ ಮೇಲೆ ವೋಲ್ಟೇಜ್ ನಿಧಾನವಾಗಿ ಇಳಿಯುತ್ತಿರುತ್ತದೆ, ತಾಪಮಾನಕ್ಕೂ ಬದಲಾಗುತ್ತದೆ; ಹಾಗಾಗಿ ಅದು ನೆಲೆಗೊಳ್ಳುವವರೆಗೆ ಕಾದು, ಆಮೇಲೆ ಅಳತೆ ಶುರುಮಾಡಿ.

ಗಂಟೆಗಟ್ಟಲೆ ಸ್ಥಿರವಾಗಿರುವ ವೋಲ್ಟೇಜ್ ಬೇಕೆಂದರೆ ರೆಫರೆನ್ಸ್ ಐಸಿಗಳತ್ತ, ಅಂದರೆ ನಿಖರವಾದ ವೋಲ್ಟೇಜ್ ಕೊಡಲೆಂದೇ ಮಾಡಿದ ಚಿಪ್‌ಗಳತ್ತ, ಹೋಗಬೇಕು. ಇಲ್ಲಿ ಡೇಟಾಶೀಟಿನ ಅಂಕಿಗಳನ್ನು ಓದುವಾಗ ಅವು ಯಾವ ಫ್ರೀಕ್ವೆನ್ಸಿಗೆ ಸೇರಿದವು ಎಂಬುದನ್ನು ಗಮನಿಸದಿದ್ದರೆ ಮೋಸಹೋಗುತ್ತೇವೆ. ಎಲ್‌ಟಿ3042 ರೆಗ್ಯುಲೇಟರಿನ 0.8 ಮೈಕ್ರೋವೋಲ್ಟ್ ಎಂಬ ಆಕರ್ಷಕ ಅಂಕಿ 10 ಹರ್ಟ್ಸ್‌ನಿಂದ 100 ಕಿಲೋಹರ್ಟ್ಸ್‌ವರೆಗಿನದು. ನಿಮಗೆ ಬೇಕಾದದ್ದು ಅದಕ್ಕಿಂತ ಕೆಳಗಿನ ವಲಯ, ಅಲ್ಲಿ ಫ್ರೀಕ್ವೆನ್ಸಿ ಇಳಿದಂತೆ ನಾಯ್ಸ್ ಏರುತ್ತದೆ. 0.1ರಿಂದ 10 ಹರ್ಟ್ಸ್‌ ನಡುವೆ ಎಲ್‌ಟಿಜೆಡ್1000 ಎಂಬ ಝೀನರ್ (ಸ್ಥಿರ ವೋಲ್ಟೇಜ್ ಕೊಡುವ ಬಗೆಯ ಡಯೋಡ್) ಸುಮಾರು 7 ವೋಲ್ಟ್ ಕೊಡುತ್ತಾ ತುದಿಯಿಂದ ತುದಿಗೆ 1.2 ಮೈಕ್ರೋವೋಲ್ಟ್‌ನಷ್ಟೇ ಅಲುಗಾಡುತ್ತದೆ. ಇಂಥ ನಾಲ್ಕರ ಸರಾಸರಿ ತೆಗೆದರೆ ನಾಯ್ಸ್ ಅರ್ಧಕ್ಕಿಳಿಯುತ್ತದೆ.

ಮೂಲದ ಮುಂದೆ ಫಿಲ್ಟರ್ ಹಾಕುವ ಆಸೆ ಎಲ್ಲರಿಗೂ ಹುಟ್ಟುತ್ತದೆ. 1 ಕಿಲೋಓಮ್ ರೆಸಿಸ್ಟರ್ ಮತ್ತು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿದರೆ ಸುಮಾರು 0.16 ಹರ್ಟ್ಸ್‌ಗಿಂತ ಮೇಲಿನ ಏರಿಳಿತಗಳು ಕುಗ್ಗತೊಡಗುತ್ತವೆ, ನಿಜ. ಆದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನಲ್ಲಿ ಒಂದೇ ಒಂದು ಮೈಕ್ರೋಆಂಪಿಯರ್ ಸೋರಿದರೂ ಆ 1 ಕಿಲೋಓಮ್‌ನ ಮೇಲೆ 1 ಮಿಲಿವೋಲ್ಟ್ ಬೀಳುತ್ತದೆ, ಮತ್ತು ಆ ಸೋರಿಕೆ ತಾಪಮಾನದೊಂದಿಗೆ ಬದಲಾಗುತ್ತಲೇ ಇರುತ್ತದೆ. ಮೈಕ್ರೋವೋಲ್ಟ್ ಹುಡುಕುವವರಿಗೆ ಅದು ಬೆಟ್ಟದಷ್ಟು ದೊಡ್ಡದು. ಸೋರಿಕೆ ತೀರಾ ಕಡಿಮೆ ಇರುವ ಫಿಲ್ಮ್ ಕೆಪಾಸಿಟರ್ ಗಾತ್ರದಲ್ಲಿ ದೊಡ್ಡದಾದರೂ ಈ ಕೆಲಸಕ್ಕೆ ಅದೇ ಲೇಸು.

ಇಷ್ಟಕ್ಕೂ ತಪ್ಪು ಮೂಲದ್ದೇ ಆಗಿರಬೇಕೆಂದಿಲ್ಲ. ತಾಮ್ರ ಮತ್ತು ಬೆಸುಗೆ ಸೇರುವಲ್ಲಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಕೆಲವು ಮೈಕ್ರೋವೋಲ್ಟ್ ಹುಟ್ಟುತ್ತದೆ. ತಾಮ್ರದ ಮೇಲೆ ಕಿಲುಬು ಹಿಡಿದಿದ್ದರೆ ಅದು ನೂರಾರು ಪಟ್ಟು ಹೆಚ್ಚಬಹುದು. ನೀವು ಪಕ್ಕದಲ್ಲಿ ನಡೆದಾಡಿದರೂ ಸಾಕು, ಗಾಳಿ ತಾಗಿ ರೀಡಿಂಗ್ ಓಲಾಡುತ್ತದೆ. ಆದ್ದರಿಂದ ಹೊಸದೇನನ್ನೂ ಕೊಳ್ಳುವ ಮೊದಲು ಜೋಡಣೆಗಳನ್ನು ಉಜ್ಜಿ ಶುಚಿಮಾಡಿ, ಇಡೀ ಮಂಡಲವನ್ನು ಲೋಹದ ಡಬ್ಬಿಯೊಳಗೆ ಮುಚ್ಚಿ, ಅದೇ ಸಪ್ಲೈಯಿಂದ ಒಮ್ಮೆ, ಬ್ಯಾಟರಿಯಿಂದ ಒಮ್ಮೆ ಅಳೆಯಿರಿ. ಎರಡರಲ್ಲೂ ಏರಿಳಿತ ಒಂದೇ ಆಗಿದ್ದರೆ ಸಪ್ಲೈ ಬದಲಿಸಬೇಡಿ. ಕರೆಂಟನ್ನು ಅಳೆಯಲು ಬಳಸುವ ಆಂಪ್ಲಿಫೈಯರಿನ ಕಡೆ ನೋಡಿ.