ಒಂದು ಬಾಟಲಿ ಚಪ್ಪೆ, ಇನ್ನೊಂದು ಬರೀ ನೊರೆ

ಮನೆಯಲ್ಲೇ ಮಾಡಿದ ಬಿಯರಿಗೆ ಗ್ಯಾಸ್ ಬರಲೆಂದು ಪ್ರತಿ ಬಾಟಲಿಗೂ ಚಮಚದಲ್ಲಿ ಸಕ್ಕರೆ ಹಾಕಿದೆ, ಕೆಲವು ಚಪ್ಪೆ, ಕೆಲವು ಉಕ್ಕಿದವು ಅಂದಿರಿ ಅಲ್ವಾ? ತಪ್ಪು ಚಮಚದ್ದೇ. ಅಳತೆ ಪ್ರತಿ ಸಲ ಹೆಚ್ಚುಕಮ್ಮಿ ಆಗುತ್ತದೆ. ಉಕ್ಕುವ ಬಾಟಲಿಗಳನ್ನು ಈಗಲೇ ಫ್ರಿಜ್ಜಿನಲ್ಲಿಡಿ.

ಮುಂದಿನ ಸಲ 20 ಲೀಟರ್ ಬಿಯರಿಗೆ 120 ಗ್ರಾಂ ಸಕ್ಕರೆ ತೂಗಿ. ಒಂದೆರಡು ಲೋಟ ನೀರಲ್ಲಿ ಕುದಿಸಿ, ಆರಿಸಿ, ತೊಳೆದ ಖಾಲಿ ಬಕೆಟ್‌ಗೆ ಮೊದಲು ಸುರಿಯಿರಿ. ಅದರ ಮೇಲೆ ಪೈಪಿನಿಂದ ಬಿಯರ್ ಇಳಿಸಿ, ಮೆಲ್ಲಗೆ ತಿರುವಿ. ಜೋರಾಗಿ ಕದಡಿದರೆ ಗಾಳಿ ಸೇರಿ ಒದ್ದೆ ರಟ್ಟಿನ ರುಚಿ ಬರುತ್ತದೆ (ಕುಡಿದು ನೋಡಿದ್ದೇನೆ, ಬೇಡ).

ಅದಕ್ಕೂ ಮುಂಚೆ ಹೈಡ್ರೋಮೀಟರ್ (ಬಿಯರಿನಲ್ಲಿ ತೇಲಿಬಿಟ್ಟು ಸಕ್ಕರೆ ಎಷ್ಟು ಉಳಿದಿದೆ ಅಂತ ನೋಡುವ ಅಳತೆಗೋಲು) ರೀಡಿಂಗ್ ಮೂರು ದಿನ ಕದಲದೆ ನಿಂತಿರಬೇಕು. ಇಲ್ಲದಿದ್ದರೆ ಉಳಿದ ಸಕ್ಕರೆಯೂ ಬಾಟಲಿಯೊಳಗೇ ಗ್ಯಾಸ್ ಆಗಿ ಗಾಜು ಸಿಡಿಯಬಹುದು. ಇದರಲ್ಲಿ ಮಾತ್ರ ಅವಸರ ಮಾಡಬೇಡಿ. ಬಾಟಲಿಗೆ ತುಂಬಿ ಮುಚ್ಚಿದ ಮೇಲೆ 20 ಡಿಗ್ರಿ ಆಸುಪಾಸಿನಲ್ಲಿ ಎರಡು ವಾರ ಸುಮ್ನೆ ಬಿಡಿ.